ಭಾಗೀರಥಿಗೆ ತಾರ್ಲೆ

ಶಿರಸಿಯಲ್ಲಿ ಬಾಡಿಗೆ ಮನೆ ಕೇಳಲು ಹೋದರೆ ಹೆಸರಿಗಿಂತ ಮೊದಲು ಊಟ ವಿಚಾರಿಸುತ್ತಾರೆ. ನಾನು ಸಿದ್ದಾಪುರ ಕಡೆಯ ನಾಯ್ಕರ ಮಗಳು ಸೌಮ್ಯ, ಬ್ಲೌಸ್ ಹೊಲಿದು ಬದುಕುವವಳು, ಮೀನಿಲ್ಲದ ಊಟವನ್ನು ಊಟವೆಂದು ಒಪ್ಪದವಳು. ಪರಿಮಳಾ ಹೆಗಡೆಯವರು ಹಿತ್ತಿಲ ಮನೆಯ ಕೀಲಿ ಕೊಡುವಾಗ ಒಂದೇ ಮಾತು ಹೇಳಿದ್ದರು: "ಮೀನು, ಮೊಟ್ಟೆ ಈ ಗೇಟು ದಾಟ್ಬಾರ್ದು." ಅವರ ಬಾವಿಯಲ್ಲಿ ಬೇಸಿಗೆಯಲ್ಲೂ ನೀರಿತ್ತು. ಬಾಯಿ ಕಟ್ಟಿಕೊಂಡು ಒಪ್ಪಿದೆ.

ಪರಿಮಳಕ್ಕ ಪೋಸ್ಟಾಫೀಸಿನ ಕೌಂಟರಿನಲ್ಲಿ ಕೂತು ನಿವೃತ್ತರಾದವರು. ಸ್ಟಾಂಪು ಓರೆಯಾಗಿ ಅಂಟಿಸಿದವರನ್ನು ಸುಮ್ಮನೆ ಕಳಿಸಿದವರಲ್ಲ. ಗಂಡ ದಿನಕರಣ್ಣ ಮನೆಯಲ್ಲಿದ್ದಾರೆಂಬುದು ಅವರು ಕೆಮ್ಮಿದಾಗ ಮಾತ್ರ ಗೊತ್ತಾಗುತ್ತದೆ. ಇಂಥ ಹೆಂಗಸು ಯಲ್ಲಾಪುರ ನಾಕೆಯ ಗಟಾರದಿಂದ ಒಂದು ಬೆಕ್ಕಿನ ಮರಿಯನ್ನು ಸೆರಗಿನಲ್ಲಿ ಸುತ್ತಿಕೊಂಡು ಬಂದಾಗ ನನ್ನ ಕಣ್ಣನ್ನು ನಾನೇ ನಂಬಲಿಲ್ಲ. ಮರಿಯ ಒಂದು ಕಣ್ಣು ಕೀವು ತುಂಬಿ ಹೋಗಿಬಿಟ್ಟಿತ್ತು. ಪಶುವೈದ್ಯ ಉದಯ ಅದನ್ನು ತೆಗೆದು ಹೊಲಿಗೆ ಹಾಕಿದರು. ಉಳಿದ ಒಂದೇ ಕಣ್ಣಿನಲ್ಲಿ ಅದು ಅಡುಗೆಮನೆಯನ್ನೆಲ್ಲ ದುರುಗುಟ್ಟಿ ನೋಡುವುದನ್ನು ಕಂಡು ಪರಿಮಳಕ್ಕ ಅದಕ್ಕೆ ತಮ್ಮ ತೀರಿಹೋದ ಅತ್ತೆಯ ಹೆಸರಿಟ್ಟರು. ಭಾಗೀರಥಿ! ದಿನಕರಣ್ಣ ಎರಡು ಸಲ ಕೆಮ್ಮಿದರು, ಅಷ್ಟೇ.

"ನಮ್ಮ ಭಾಗೀರಥಿ ಹಾಲು-ಅನ್ನ ಬಿಟ್ರೆ ಬೇರೆ ಎಂತದೂ ಮುಟ್ಟೂದಿಲ್ಲ" ಎಂದು ಬಂದವರೆದುರೆಲ್ಲ ಪರಿಮಳಕ್ಕ ಹೇಳಿದ್ದೇ ಹೇಳಿದ್ದು. ಮುಟ್ಟಲು ಬೇರೆ ಏನಾದರೂ ಇಟ್ಟರಲ್ಲವೇ! ಪಾಪ, ಅದೂ ನನ್ನ ಹಾಗೆ ಬಾಡಿಗೆಗಿದೆ ಎಂದುಕೊಂಡೆ.

ಕೆಲವು ತಿಂಗಳಲ್ಲಿ ಭಾಗೀರಥಿ ಬಾಗಿಲ ಪಟ್ಟಿಗೆ ತಲೆ ಹೊಡೆದುಕೊಳ್ಳತೊಡಗಿತು. ಬಟ್ಟಲು ಇಲ್ಲಿದ್ದರೆ ಅದು ಪಕ್ಕದ ನೆಲ ನೆಕ್ಕುತ್ತಿತ್ತು. ಆಸ್ಪತ್ರೆಗೆ ನಾನೂ ಜೊತೆಗೆ ಹೋದೆ. ಉದಯ ಡಾಕ್ಟರು ಕಣ್ಣಿಗೆ ಬೆಳಕು ಬಿಟ್ಟು ನೋಡಿ, ಏನು ತಿನ್ನಿಸುತ್ತೀರಿ ಎಂದು ಕೇಳಿದರು. ಪರಿಮಳಕ್ಕ ಹೆಮ್ಮೆಯಿಂದಲೇ ಹೇಳಿದರು.

"ಅದೇ ತೊಂದ್ರೆ ಆಗಿದ್ದು" ಎಂದರು ಡಾಕ್ಟರು. "ಬೆಕ್ಕಿಗೆ ಬೇಕಾದ ಒಂದು ಸತ್ವ ಹಾಲನ್ನದಲ್ಲಿ ಸಾಕಷ್ಟು ಇಲ್ಲ. ಮೀನು, ಮಾಂಸದಲ್ಲಿದೆ. ಹೋದ ದೃಷ್ಟಿ ವಾಪಸ್ ಬರೂದಿಲ್ಲ. ಇರೋ ಅರ್ಧ ಉಳೀಬೇಕಾದ್ರೆ ಇವತ್ತಿಂದ್ಲೇ ಊಟ ಬದಲಾಗ್ಬೇಕು."

"ಗುಳಿಗೆ ಕೊಡಿ."

"ಕೊಡ್ತೆ. ಊಟವೂ ಬೇಕು."

ಪರಿಮಳಕ್ಕ ಅಂಗಡಿಯಿಂದ ಬೆಕ್ಕಿನ ತಿಂಡಿಯ ಪ್ಯಾಕೆಟ್ಟು ತಂದರು. ಅದರ ಮೇಲೂ ಮೀನಿನ ಚಿತ್ರವಿತ್ತು, ಹಳೇ ಕ್ಯಾಲೆಂಡರಿನ ಹಾಳೆ ಅಂಟಿಸಿ ಮುಚ್ಚಿದರು. ಭಾಗೀರಥಿ ಮೂಸಿ ನೋಡಿ, ಹೊಲಸು ಮುಚ್ಚುವಂತೆ ನೆಲ ಕೆರೆದು ಎದ್ದುಹೋಯಿತು. ಎರಡನೇ ದಿನವೂ ಅದೇ ಕಥೆ.

ಸಂಜೆ ಪರಿಮಳಕ್ಕ ನನ್ನ ಬಾಗಿಲಿಗೆ ಬಂದರು.

"ಸೌಮ್ಯ, ನೀನು ಪೇಟೆಗೆ ಹೋದಾಗ ಅದು ತರ್ತೀಯ?"

"ಯಾವುದು ಪರಿಮಳಕ್ಕ?"

"ಅದೇ."

"ಅದೇ ಅಂದ್ರೆ?"

"ಮೀನು ಮಾರಾಯ್ತಿ, ಮೀನು! ಬಾಯಲ್ಲಿ ಹೇಳಿಸ್ಬೇಕ ನಿನಗೆ?"

ಹೇಳಿಸಬೇಕಿತ್ತು. ಇಷ್ಟು ಕಾಲ ಸೊಪ್ಪಿನ ತಂಬ್ಳಿ ಉಂಡವಳು ನಾನು. "ಬೆಕ್ಕಿಗೆ ಮಾತ್ರವೋ, ನಂಗೂ ಉಂಟೋ?" ಎಂದೆ.

"ನೀನೂ ತಿನ್ನು, ಹಾಳಾಗಿ ಹೋಗು!"

ಮರುದಿನ ತಾರ್ಲೆ ಮೀನು ತಂದು ನನ್ನ ಮನೆಯಲ್ಲಿ ಬೇಯಿಸಿ ಭಾಗೀರಥಿಯ ಮುಂದಿಟ್ಟೆ. ನನ್ನ ಕೈ ಹತ್ತಿರ ಬಂದೊಡನೆ ಅದು ಬೆಚ್ಚಿ ಗೋಡೆಗೆ ಅಂಟಿಕೊಂಡು ಫೂತ್ಕರಿಸಿತು. ಕಣ್ಣು ಕಾಣದ ಜೀವ, ಗೊತ್ತಿಲ್ಲದ ಕೈಯನ್ನು ಹೇಗೆ ನಂಬೀತು? ಹೊಸ್ತಿಲಾಚೆ ಮೂಗು ಮುಚ್ಚಿಕೊಂಡು ನಿಂತಿದ್ದ ಪರಿಮಳಕ್ಕ ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಒಳಗೆ ಬಂದು ಕೂತರು.

"ಆಚೆ ತಿರುಗು ಸೌಮ್ಯ."

ನಾನು ತಿರುಗಲಿಲ್ಲ. ಅವರು ಬೆರಳ ತುದಿಯಲ್ಲಿ ಮೀನು ಬಿಡಿಸಿ, ಮುಳ್ಳು ತೆಗೆದು, ತಮ್ಮ ಮನೆಮಾತಿನಲ್ಲಿ "ಹೆದ್ರಡ, ಆನೇ", ಹೆದರಬೇಡ ನಾನೇ, ಎನ್ನುತ್ತ ಕೈ ಚಾಚಿದರು. ಭಾಗೀರಥಿ ದನಿ ಬಂದ ಕಡೆ ತೆವಳಿ ಬಂದು ತಿಂದಿತು. ಮೀನಿನ ಜೊತೆ ಬೆರಳನ್ನೂ ತಿಂದುಬಿಡುತ್ತದೇನೋ ಅನ್ನಿಸಿತು. ಪರಿಮಳಕ್ಕನಿಗೆ ವಾಕರಿಕೆ ಬಂದು ಕಣ್ಣಲ್ಲಿ ನೀರು ತುಂಬಿತು, ಕೈ ಮಾತ್ರ ಹಿಂದೆಗೆಯಲಿಲ್ಲ.

ಸುದ್ದಿ ತಿಳಿದ ದಿನಕರಣ್ಣನಿಗೆ ಮೊದಲ ಬಾರಿಗೆ ಮಾತು ಬಂತು. "ಮನೆಗೆ ಮೀನು ಬಂದ್ರೆ ಆನು ಮಠಕ್ಕೆ ಹೋಗಿ ಇರ್ತೆ!"

"ಹೋಗಿ. ಮಧ್ಯಾಹ್ನ ಊಟಕ್ಕೆ ಬತ್ರಾ, ಹೆಂಗೆ?"

ಅವರು ಯೋಚಿಸಿ ಹೋಗದೆ ಉಳಿದರು.

ಹೀಗೆ ದಿನಾ ನಾನು ತರುವುದು, ನನ್ನ ಮನೆಯಲ್ಲೇ ಅವರು ತಿನ್ನಿಸಿ, ಬಾವಿಕಟ್ಟೆಯಲ್ಲಿ ಮಿಂದು ಒಳಗೆ ಹೋಗುವುದು ಎಂದಾಯಿತು. ಅಷ್ಟರಲ್ಲಿ ನನ್ನ ಅಣ್ಣನ ಮದುವೆ ಬಂತು. ಸಿದ್ದಾಪುರಕ್ಕೆ ಹೊರಟಾಗ ನನಗೆ ನಿಜಕ್ಕೂ ಹೆದರಿಕೆಯಾಗಿತ್ತು. ಈ ಹೆಂಗಸು ಮೀನುಪೇಟೆಗೆ ಕಾಲಿಡುವವರಲ್ಲ, ಬೆಕ್ಕು ಮತ್ತೆ ಹಾಲನ್ನಕ್ಕೆ ಬೀಳುತ್ತದೆ, ಇರುವ ಕಣ್ಣೂ ಮುಗಿಯಿತು ಎಂದುಕೊಂಡೆ. ಮದುವೆ ಊಟವೂ ಸರಿಯಾಗಿ ಇಳಿಯಲಿಲ್ಲ.

ವಾಪಸ್ ಬಂದು ಗೇಟು ತೆಗೆದರೆ ಮೀನಿನ ವಾಸನೆ! ನನ್ನ ಮನೆಯಿಂದಲ್ಲ, ಅವರ ಮನೆಯಿಂದ. ಜಗುಲಿಯಲ್ಲಿ ದಿನಕರಣ್ಣ ಸುತ್ತಲೂ ಊದಿನಕಡ್ಡಿ ಹಚ್ಚಿಕೊಂಡು ಕೂತಿದ್ದರು. ಹಿಂದಿನ ಕಟ್ಟೆಯ ಮೇಲೆ ಪರಿಮಳಕ್ಕ ಸಣ್ಣ ಒಲೆಯೆದುರು ಕೂತು ಮುಳ್ಳು ಆರಿಸುತ್ತಿದ್ದರು. ಭಾಗೀರಥಿ ತೊಡೆಯ ಮೇಲಿತ್ತು.

"ಪೇಟೆಗೆ ನೀವೇ ಹೋದ್ರಾ? ಯಾರಾದ್ರೂ ನೋಡಿದ್ರೆ?"

"ನೋಡಿದ್ರು. ನೋಡ್ಲಿ" ಎಂದರು ತಲೆಯೆತ್ತದೆ. "ನನ್ನ ಮಡಿಗೆ ಇದರ ಅರ್ಧ ಕಣ್ಣು ಹೋತು ಸೌಮ್ಯ. ಇನ್ನರ್ಧ ಕೊಡೂದಿಲ್ಲ."

ಆಮೇಲೆ ಒಂದು ಬಾಳೆಲೆಯ ತುಂಡು ನನ್ನ ಕಡೆ ಸರಿಸಿದರು. "ಇವತ್ತು ಬರ್ತೆ ಅಂತ ಹೇಳಿದ್ಯಲ್ಲ, ನಿನಗೂ ಬೇಯ್ಸಿದೆ. ತಿನ್ನು."

ಉಪ್ಪಿಲ್ಲ, ಹುಳಿಯಿಲ್ಲ, ಖಾರವಿಲ್ಲ. ನನ್ನ ಜನ್ಮದಲ್ಲಿ ಅಂಥ ದರಿದ್ರ ಮೀನು ತಿಂದಿಲ್ಲ. ಒಂದು ಚೂರೂ ಬಿಡದೆ ತಿಂದೆ. ಹುಡುಕಿದರೂ ಒಂದು ಮುಳ್ಳು ಸಿಗಲಿಲ್ಲ.