ಹೆದರಿದವರಿಗೆ ಬಿಸಿ ಬ್ರೆಡ್ಡು

ರೇನೊ ಮಾಕೆಲಾನ ಶವಪೆಟ್ಟಿಗೆಯ ಪಕ್ಕ ನಿಂತು ವೇಡ್ ಕಾರ್ಮೋಡಿ ಮಾತಾಡುವಾಗ ಚರ್ಚಿನಲ್ಲಿದ್ದವರೆಲ್ಲ ತಲೆ ತಗ್ಗಿಸಿದ್ದೆವು. ನಮ್ಮ ಬೆಟ್ಟಗಳಿಗೆ ಜನರನ್ನು ಹತ್ತಿಸುವ ಗೈಡುಗಳಲ್ಲಿ ವೇಡನೇ ಹಿರಿಯ. ರೇನೊಗೆ ಹಗ್ಗ ಕಟ್ಟಲು ಕಲಿಸಿದವನೂ ಅವನೇ.

"ಹುಡುಗ ತನಗೆ ಇಷ್ಟವಾದದ್ದನ್ನ ಮಾಡ್ತಾ ಮಾಡ್ತಾನೇ ಹೋದ," ಎಂದ ವೇಡ್. "ಇಂಥ ಸಾವು ಎಲ್ಲರಿಗೂ ಸಿಗಲ್ಲ."

ಮುಂದಿನ ಸಾಲಿನಲ್ಲಿ ಕೂತಿದ್ದ ರೇನೊನ ಅಕ್ಕ ಐಲಿ ಎದ್ದು ನಿಂತಳು.

"ಇಲ್ಲ ವೇಡ್. ಅವನಿಗೆ ಇಷ್ಟ ಇದ್ದದ್ದು ಹತ್ತೋದು. ಹಿಮದಡಿ ಉಸಿರುಗಟ್ಟಿ ಸಾಯೋದಲ್ಲ. ಅದು ಯಾರಿಗೂ ಇಷ್ಟ ಇರಲ್ಲ. ನನ್ನ ತಮ್ಮನ ಹೆಸರಲ್ಲಿ ಆ ಮಾತನ್ನ ಇನ್ನೊಂದು ಸಲ ಯಾರೂ ಆಡ್ಬೇಡಿ."

"ಐಲಿ, ಕೂತ್ಕೊಮ್ಮ," ಎಂದರು ಪಾದ್ರಿ. ಅವಳು ಕೂರಲಿಲ್ಲ. ಪ್ರಾರ್ಥನೆ ಮುಗಿಯುವವರೆಗೂ ನಿಂತೇ ಇದ್ದಳು.

ಮೊಂಟಾನಾದ ಈ ನಮ್ಮ ಊರಿಗೆ ಐಲಿಯ ಅಜ್ಜ ಫಿನ್‌ಲ್ಯಾಂಡಿನಿಂದ ಕಲ್ಲಿದ್ದಲು ಅಗೆಯಲು ಬಂದವನು. ಗಣಿ ಮುಚ್ಚಿ ಎಷ್ಟೋ ಕಾಲವಾಯಿತು. ಈಗ ಚಳಿಗಾಲದಲ್ಲಿ ಊರಿಗೆ ಅನ್ನ ಹಾಕುವುದು ಕಣಿವೆಯ ಮೇಲಿನ ಜಲಪಾತಗಳು. ಅವು ಹೆಪ್ಪುಗಟ್ಟಿ ನೀಲಿ ಕಂಬಗಳಾದ ಮೇಲೆ ಎರಡು ಕೈಯಲ್ಲೂ ಹಿಮಗೊಡಲಿ ಹಿಡಿದು ಹತ್ತುವವರು ಎಲ್ಲೆಲ್ಲಿಂದಲೋ ಬರುತ್ತಾರೆ. ಬೆಳಕು ಹರಿಯುವ ಮುನ್ನ ಅವರೆಲ್ಲ ಮೊದಲು ನಿಲ್ಲುವುದು ಐಲಿಯ ಬೇಕರಿಯಲ್ಲಿ. ಏಲಕ್ಕಿ ಹಾಕಿ ಜಡೆಯಂತೆ ಹೆಣೆದು ಸುಟ್ಟ ಪುಲ್ಲಾ ಬ್ರೆಡ್ಡು, ಕಪ್ಪು ಕಾಫಿ. ಐಲಿ ಕುಳ್ಳಗಿದ್ದಳು, ಹಿಟ್ಟು ನಾದಿ ನಾದಿ ಅವಳ ತೋಳು ಹಗ್ಗದಂತೆ ಹುರಿಗೊಂಡಿತ್ತು. ಅವಳೂ ಹತ್ತುವವಳೇ, ಊರಿನ ಅರ್ಧ ಗಂಡಸರಿಗಿಂತ ಚೆನ್ನಾಗಿ. ತಾಯಿ ಬೇಗ ಹೋದದ್ದರಿಂದ ರೇನೊನನ್ನು ಸಾಕಿದವಳೂ ಅವಳೇ.

ಆ ಜನವರಿಯಲ್ಲಿ ಮೊದಲು ವಾರಗಟ್ಟಲೆ ಒಣ ಚಳಿ ಹಿಡಿದು, ನೆಲದ ಹಿಮವೆಲ್ಲ ಸಕ್ಕರೆಯ ಹಾಗೆ ಉದುರುದುರಾಗಿತ್ತು. ಅದರ ಮೇಲೆ ಹೊಸ ಹಿಮ ಬಿತ್ತು. ಆಮೇಲೆ ಗಾಳಿ ಎದ್ದು ಬೆಟ್ಟದ ಆಚೆ ಬದಿಯದನ್ನೂ ಹೊತ್ತು ತಂದು ಈಚೆ ಇಳಿಜಾರಿನಲ್ಲಿ ಹಲಗೆ ಹಾಸಿದಂತೆ ಒಟ್ಟಿತು. ಸಕ್ಕರೆಯ ಮೇಲೆ ಹಲಗೆ ಎಷ್ಟು ಹೊತ್ತು ನಿಂತೀತು? ರೇನೊ ನೀಲಿ ಕಂಬದ ಬುಡದಲ್ಲಿ ಹಗ್ಗ ಬಿಚ್ಚುತ್ತಿದ್ದಾಗ ಮೇಲಿನ ಇಳಿಜಾರು ಇಡಿಯಾಗಿ ಕಿತ್ತು ಬಂತು. ಬಂಡೆಯ ಮರೆಯಲ್ಲಿದ್ದ ಅವನ ಗೆಳೆಯ ಉಳಿದ.

ಮಣ್ಣು ಮಾಡಿ ಬಂದ ಮೇಲೆ ಚರ್ಚಿನ ನೆಲಮಾಳಿಗೆಯಲ್ಲಿ ಕಾಫಿ ಕೊಡುತ್ತಿದ್ದರು. ವೇಡನ ಜೊತೆ ಕೆಲಸ ಮಾಡುವ ಡಾರ್ಲಾ ಎಂಬ ಗೈಡು ಐಲಿಯ ಕೈ ಹಿಡಿದು ಅತ್ತೇಬಿಟ್ಟಳು.

"ಐಲಿ, ರೇನೊ ಅಲ್ಲಿಗೆ ಹೋಗೋ ಹಿಂದಿನ ದಿನ ನಾವೂ ಹೋಗಿದ್ವಿ. ನಾನು, ವೇಡ್ ಇಬ್ರೂ. ಕಾಲಡಿ ಹಿಮ ಧುಂ ಅಂತ ಕುಸೀತು, ಬಿರುಕು ಹಾವಿನ ಥರ ಓಡ್ತು. ಜೀವ ಕೈಯಲ್ಲಿ ಹಿಡ್ಕೊಂಡು ಓಡಿ ಬಂದ್ವಿ."

"ಯಾರಿಗೂ ಹೇಳ್ಲಿಲ್ವಾ?"

"ಗೈಡುಗಳೇ ಬಾಲ ಮುದುರ್ಕೊಂಡು ಓಡಿ ಬಂದ್ರು ಅಂತ ನಗ್ತಾರೆ, ಸುಮ್ನಿರು ಅಂದ ವೇಡ್. ನಾನೂ ಸುಮ್ನಾದೆ."

ಅವತ್ತು ಅವರಿಬ್ಬರೂ ನೇರವಾಗಿ ಬೇಕರಿಗೇ ಬಂದಿದ್ದರು. ಅವರಿಗೆ ಕಾಫಿ ಬಗ್ಗಿಸಿ ಕೊಟ್ಟವನು ರೇನೊ.

ಐಲಿ ವೇಡನ ಮನೆಗೆ ಹೋಗಿ ಕೂಗಾಡುತ್ತಾಳೆ ಎಂದು ನಾವು ಕಾದೆವು. ಅವಳು ಹೋಗಲಿಲ್ಲ. ಮುಂದಿನ ವಾರ ಅಂಗಡಿ ತೆರೆದು, ಒಲೆಯ ಪಕ್ಕ ಒಂದು ಕುರ್ಚಿ ಹಾಕಿ, ಬಂದವರಿಗೆಲ್ಲ ಹೇಳಿದಳು: ಪ್ರತಿ ಗುರುವಾರ ಮಧ್ಯಾಹ್ನ, ಆ ವಾರ ಹಿಮದಲ್ಲಿ ಹೆದರಿದವರು ಇಲ್ಲಿ ಕೂತು ಎಲ್ಲಿ, ಏನಾಯಿತು ಎಂದು ಎಲ್ಲರೆದುರು ಹೇಳಬೇಕು. ಹೇಳಿದವರಿಗೆ ಒಲೆಯಿಂದ ಆಗತಾನೆ ತೆಗೆದ ಪುಲ್ಲಾ. ಹೆದರಲೇ ಇಲ್ಲ ಎನ್ನುವ ವೀರರಿಗೆ ನಿನ್ನೆಯದು.

ಊರು ನಕ್ಕಿತು. ಬಾರಿನಲ್ಲಿ ಅದಕ್ಕೆ 'ಐಲಿಯ ಅಳುಮುಂಜಿ ಸಂಘ' ಎಂದು ಹೆಸರಿಟ್ಟರು. ಗೈಡುಗಳು ಕಾಫಿಗೆ ಪೆಟ್ರೋಲ್ ಬಂಕಿನ ಅಂಗಡಿಗೆ ಹೋಗತೊಡಗಿದರು. ಕಣಿವೆಯ ಬಾಯಲ್ಲಿ ವಸತಿಗೃಹ ನಡೆಸುವ ಗಸ್ ಟ್ವೀಟನ್ ಒಂದು ದಿನ ಅಂಗಡಿಗೇ ಬಂದ.

"ನನ್ನ ಗಿರಾಕಿಗಳು ರೂಮು ಬಿಡ್ತಿದಾರೆ ಕಣೆ. ನೀನು ಭಯ ಮಾರ್ತಿದೀಯ."

"ನಾನು ಮಾರೋದು ಬ್ರೆಡ್ಡು, ಗಸ್. ಭಯ ಬಿಟ್ಟಿ ಕೊಡ್ತೀನಿ. ನಿಂಗೂ ಒಂದಿಷ್ಟು ಕಟ್ಟಿ ಕೊಡ್ಲಾ?"

ಮೊದಲ ಗುರುವಾರ ಅಂಗಡಿಯಲ್ಲಿ ಇದ್ದದ್ದು ನಾನು ಮತ್ತು ಅಂಚೆ ಕಚೇರಿಯ ಓಪಲ್ ಮಾತ್ರ. ಕುರ್ಚಿ ಖಾಲಿ. ಐಲಿ ಏಪ್ರನ್ನಿಗೆ ಕೈ ಒರೆಸಿಕೊಂಡು ಬಂದು ತಾನೇ ಕೂತಳು. ಭಾನುವಾರ ಒಬ್ಬಳೇ ಪೂರ್ವದ ಕಣಿವೆಗೆ ಹೋಗಿದ್ದಳಂತೆ. ಬಿಸಿಲು ಬಿದ್ದು ಮೇಲಿನಿಂದ ಹಿಮದ ಉಂಡೆಗಳು ಉರುಳುತ್ತಿದ್ದವಂತೆ.

"ಕಣ್ಣಿಗೆ ಕಾಣ್ತಿತ್ತು. ಇನ್ನೊಂದೇ ಹಗ್ಗದಷ್ಟು, ಇನ್ನೊಂದೇ ಹಗ್ಗದಷ್ಟು ಅಂತ ಹತ್ತಿದೆ. ಸಿಟ್ಟಲ್ಲಿ ಹತ್ತಿದೆ. ಇಳಿಯುವಾಗ ಪಕ್ಕದಲ್ಲೇ ಒಂದು ರಾಶಿ ಜಾರಿಹೋಯ್ತು. ಹೆದರಿ ಅಲ್ಲೇ ಕೂತುಬಿಟ್ಟೆ. ನಾನು ಮಾಡಿದ್ದು ಪೆದ್ದು ಕೆಲಸ. ಮಧ್ಯಾಹ್ನದ ಮೇಲೆ ಆ ಕಡೆ ಯಾರೂ ಹೋಗ್ಬೇಡಿ."

ತಮ್ಮ ಸತ್ತು ತಿಂಗಳಾಗಿರಲಿಲ್ಲ. ಅವಳು ಅಳಲಿಲ್ಲ. ಬಿಸಿ ಬ್ರೆಡ್ಡು ಮುರಿದು ನಮ್ಮೆದುರೇ ತಿಂದಳು.

ಮುಂದಿನ ವಾರ ನಾನು ಕೂತೆ. ಘಾಟಿ ರಸ್ತೆಯ ಹಿಮ ತಳ್ಳುವ ಗಾಡಿ ಓಡಿಸುವುದು ನನ್ನ ಕೆಲಸ. ದೊಡ್ಡ ತಿರುವಿನಲ್ಲಿ ಹಿಮದ ಧೂಳು ಗಾಜಿಗೆ ಅಪ್ಪಳಿಸಿ ಏನೂ ಕಾಣದಂತಾದದ್ದನ್ನು ಹೇಳಿದೆ. ಪ್ಯಾಂಟು ಒದ್ದೆಯಾದದ್ದನ್ನೂ ಹೇಳಿದೆ. ಓಪಲ್ ಬಿದ್ದು ಬಿದ್ದು ನಕ್ಕಳು. ಯಾರಾದರೂ ನಕ್ಕರೆ ನಾವೇನೂ ಸಾಯುವುದಿಲ್ಲ ಎಂದು ಅವತ್ತು ನನಗೆ ಗೊತ್ತಾಯಿತು. ಆಮೇಲೆ ಡಾರ್ಲಾ ಬಂದಳು. ಅವಳ ಹಿಂದೆ ಕಾಲೇಜಿನ ಹುಡುಗಿಯರು, ಮರ ಕಡಿಯುವವರು, ಸ್ಕೀ ಜಾರುವವರು. ಚಳಿಗಾಲ ಮುಗಿಯುವ ಹೊತ್ತಿಗೆ ಗುರುವಾರ ನಿಲ್ಲಲೂ ಜಾಗವಿರುತ್ತಿರಲಿಲ್ಲ.

ಮರುವರ್ಷ ಹಿಮ ಬಿದ್ದ ಮೇಲೆ ವೇಡ್ ಬಂದ. ಟೋಪಿ ಕೈಯಲ್ಲಿತ್ತು. ಯಾರ ಮುಖವನ್ನೂ ನೋಡದೆ ಕುರ್ಚಿಯಲ್ಲಿ ಕೂತ. ಧುಂ ಎಂದ ಸದ್ದು, ಬಿರುಕು, ಓಡಿದ್ದು, ರೇನೊ ಕೊಟ್ಟ ಕಾಫಿ ಕುಡಿಯುತ್ತಾ ಹವಾಮಾನದ ಬಗ್ಗೆ ಹರಟಿದ್ದು, ಎಲ್ಲ ಹೇಳಿದ.

"ಬಾಯಿಗೆ ಬಂದಿತ್ತು, ಐಲಿ. ನುಂಗಿಬಿಟ್ಟೆ. ನನ್ನನ್ನ ಕ್ಷಮಿಸ್ತೀಯಾ?"

ಐಲಿ ಒಲೆಯಿಂದ ಬಿಸಿ ಪುಲ್ಲಾ ತೆಗೆದು ಅವನ ಮುಂದಿಟ್ಟಳು.

"ತಿನ್ನಿ. ಹೇಳಿದವರಿಗೆ ಬಿಸಿದು, ಅದು ಇಲ್ಲಿಯ ನಿಯಮ. ಕ್ಷಮೆ ಈ ಅಂಗಡೀಲಿ ಸಿಗಲ್ಲ, ವೇಡ್. ಮುಂದಿನ ಗುರುವಾರಾನೂ ಬನ್ನಿ."

ಅವನು ಬಂದ. ಪ್ರತಿ ವಾರ ಬಂದ. ಅವಳು ಅವನೊಂದಿಗೆ ಮತ್ತೆಂದೂ ಹಗ್ಗ ಕಟ್ಟಿಕೊಳ್ಳಲಿಲ್ಲ.

ಇದರಿಂದ ಬೆಟ್ಟ ಸೌಮ್ಯವಾಯಿತು ಎಂದರೆ ಸುಳ್ಳಾಗುತ್ತದೆ. ಆ ಚಳಿಗಾಲದ ಫೆಬ್ರವರಿಯಲ್ಲೇ ಹೊರಗಿನಿಂದ ಬಂದ ಒಬ್ಬ, ಊರಿನಲ್ಲಿ ನಿಲ್ಲದೆ ನೇರ ಕಣಿವೆಗೆ ಹೋದವನು, ಹಿಮಕುಸಿತಕ್ಕೆ ಸಿಕ್ಕ. ಕರೆ ಬಂದಾಗ ಐಲಿ ಹಿಟ್ಟಿನ ಕೈಯಲ್ಲೇ ಸಲಿಕೆ ಹಿಡಿದು ಹೊರಟಳು. ಸಂಜೆಯವರೆಗೆ ನಾವೆಲ್ಲ ಅಗೆದೆವು. ಜೀವವಿರಲಿಲ್ಲ. ಇಳಿದು ಬರುವಾಗ ಗಸ್ ಅವಳ ಹತ್ತಿರ ಬಂದು ಮೆಲ್ಲಗೆ ಕೇಳಿದ, "ನಿನ್ನ ಕುರ್ಚಿಯಿಂದ ಏನು ಬಂತು, ಐಲಿ?"

"ಅವನಿಗೇನೂ ಬರಲಿಲ್ಲ," ಎಂದಳು. "ನಿನ್ನ ಗಿರಾಕಿಗಳಿಗೆ ಬರ್ಬೋದು. ನಾಳೆಯಿಂದ ಕೀಲಿ ಕೊಡೋ ಮುಂಚೆ ಅವ್ರನ್ನ ನನ್ನ ಹತ್ರ ಕಳ್ಸು. ಕಳ್ಸಲ್ಲ ಅಂದ್ರೆ ನಾನೇ ಬಂದು ನಿನ್ನ ಬಾಗಿಲಲ್ಲಿ ಕೂರ್ತೀನಿ."

ಗಸ್ ಒಪ್ಪಲಿಲ್ಲ. ಶನಿವಾರ ಬೆಳಗ್ಗೆ ನಾನು ರಸ್ತೆಯ ಹಿಮ ತಳ್ಳುತ್ತಾ ಆ ಕಡೆ ಹೋದಾಗ, ವಸತಿಗೃಹದ ಮೆಟ್ಟಿಲ ಮೇಲೆ ಕಂಬಳಿ ಹೊದ್ದು ಐಲಿ ಕೂತಿದ್ದಳು. ಹೊರಟಿದ್ದವರನ್ನೆಲ್ಲ ತಡೆದು ನಿಲ್ಲಿಸಿ, ಆ ವಾರ ಯಾರು ಎಲ್ಲಿ ಹೆದರಿದರು ಎಂದು ಹೇಳುತ್ತಿದ್ದಳು.