ಗುಡಿಸಿ ಸಾರಿಸಿದ ಜಾಗ

ನವಲಗುಂದದ ಬಸ್ ಸ್ಟ್ಯಾಂಡಿನಿಂದ ಹತ್ತು ನಿಮಿಷ ನಡೆದರೆ ಒಂದು ಹಳೇ ಹತ್ತಿ ಮಿಲ್ಲು ಸಿಗುತ್ತದೆ. ಮಿಲ್ಲು ನಿಂತು ಎಷ್ಟೋ ವರ್ಷವಾಯಿತು. ಈಗ ಅದರೊಳಗೆ ಹನ್ನೊಂದು ಸಂಸಾರಗಳಿವೆ: ಮನೆ ಬಿದ್ದವರು, ಮನೆಯಿಂದ ಹೊರಬಿದ್ದವರು. ನಿವೃತ್ತ ಶಿಕ್ಷಕ ಅಂದಾನೆಪ್ಪ ಮಾಸ್ತರು ನಾಲ್ಕು ಮಂದಿಯನ್ನು ಕೂಡಿಸಿಕೊಂಡು ನಡೆಸುವ ಸಂಸ್ಥೆ ಅದು. ಬೋರ್ಡಿನ ಮೇಲೆ ಮಾರುದ್ದದ ಹೆಸರೊಂದಿದೆ, ಯಾರೂ ಓದುವುದಿಲ್ಲ. ಊರವರಿಗೆ ಅದು ಮಿಲ್ಲಿನ ಮನಿ.

ಮಾಸ್ತರದು ಒಂದು ಹಟ. ಎಲ್ಲರಿಗೂ ಒಟ್ಟಿಗೆ ಅಡುಗೆ ಮಾಡಿ ಸಾಲಾಗಿ ಕೂರಿಸಿ ಬಡಿಸುವುದು ಅವರಿಗೆ ಆಗದು. ತಟ್ಟಿ ಕಟ್ಟಿ ಮಾಡಿದ ಒಂದೊಂದು ಖೋಲಿ, ಖೋಲಿಗೊಂದು ಒಲೆ, ಸುತ್ತಲಿನ ರೈತರು ಕೊಟ್ಟ ಜೋಳ, ಬೇಳೆ. "ತನ್ನ ಒಲಿ ತಾ ಹಚ್ಚಿದ್ರ ಅದು ಸಂಸಾರ. ತಾಟು ಹಿಡಕೊಂಡು ಪಾಳೇಕ ನಿಂತ್ರ ಏನ್ ಸಂಸಾರರೀ ಅದು?" ಎನ್ನುತ್ತಾರೆ. ಮಕ್ಕಳನ್ನು ಶಾಲೆಗೆ ಹಚ್ಚುತ್ತಾರೆ, ಬೇಕೆಂದವರಿಗೆ ಹಿಂದಿನ ಶೆಡ್ಡಿನಲ್ಲಿ ಜಮಖಾನ ನೇಯುವುದನ್ನು ಕಲಿಸುತ್ತಾರೆ. ಕಾಗದಪತ್ರಕ್ಕೆಂದು ಮಲ್ಲಿಕಾ ಎಂಬ ಹುಡುಗಿ ಇದ್ದಾಳೆ. ಕಚೇರಿಯ ಮೆಟ್ಟಿಲು ಸವೆಸುವುದೇ ಅವಳ ನೌಕರಿ.

ಇಲ್ಲಿಯ ಆರನೇ ಖೋಲಿಯಲ್ಲಿ ಸಾವಂತ್ರೆವ್ವ ಮತ್ತು ಅವಳ ಗಂಡ ಭರಮಪ್ಪ ಎರಡು ವರ್ಷದಿಂದ ಇದ್ದಾರೆ. ಐವತ್ತು ದಾಟಿದ ಹೆಂಗಸು, ಇಬ್ಬರ ಕೆಲಸ ಒಬ್ಬಳೇ ಎಳೆಯುವವಳು. ಬಂದ ದಿನ ಕಟ್ಟಿದ್ದ ಗಂಟನ್ನು ಇನ್ನೂ ಪೂರ್ತಿ ಬಿಚ್ಚಿಲ್ಲ. ಏನು ಕೇಳಿದರೂ "ಹೌದ್ರಿ" ಎನ್ನುತ್ತಾಳೆ. ಉಪ್ಪಿಲ್ಲದ ಪಲ್ಯವನ್ನು ಉಣ್ಣುತ್ತಾಳೆ, ಉಪ್ಪಿಲ್ಲವೆಂಬುದು ಅವಳಿಗೆ ತಿಳಿಯುವುದಿಲ್ಲ. ಒಮ್ಮೆ ಕಾದ ಹಂಚಿನ ಮೇಲೆ ಅಂಗೈ ಊರಿದಾಗ ಪಕ್ಕದ ಹೆಂಗಸರು ಚೀರಿದರು. ಅವಳು ಚೀರಲಿಲ್ಲ.

ನಡೆದದ್ದು ಇಷ್ಟು. ಎರಡು ವರ್ಷದ ಹಿಂದೆ ಗಣಪತಿ ಕಳಿಸಿದ ಮರುದಿನ ಹಿಡಿದ ಮಳೆ ನಾಲ್ಕು ದಿನ ಬಿಡಲಿಲ್ಲ. ಮಣ್ಣಿನ ಮನೆ, ಚಾವಣಿಯೂ ಮಣ್ಣಿನ ಮಾಳಿಗೆಯೇ. ಐದನೇ ದಿನ ಮುಂಜಾನೆ ಇಬ್ಬರೂ ಹೊರಗಿದ್ದಾಗ ಮಾಳಿಗೆ ಗೋಡೆಗಳ ಸಮೇತ ಕೂತುಬಿಟ್ಟಿತು. ಜೀವ ಉಳಿಯಿತು, ದೇವರು ದೊಡ್ಡವನು ಎಂದರು ಜನ. ಹೌದು ಎಂದಳು ಇವಳೂ.

ಮುಂದೆ ಎರಡು ವಾರಕ್ಕೆ ಮಾನಾಮಿ ಅಮಾವಾಸ್ಯೆ. ಸತ್ತ ಹಿರಿಯರು ಮನೆಗೆ ಬಂದು ಎಡೆ ಉಂಡು ಹೋಗುವ ದಿನ. ಭರಮಪ್ಪನ ಅಪ್ಪ, ಅಜ್ಜ, ಅಜ್ಜನ ಅಪ್ಪ, ಎಲ್ಲರೂ ಅದೇ ಮನೆಯಲ್ಲಿ ಸತ್ತವರು. ಅವರು ಬಂದು ಮಣ್ಣಿನ ಗುಡ್ಡೆ ನೋಡಬೇಕೇ? ಗಂಡ ಹೆಂಡತಿ ಮಾತಾಡಿಕೊಂಡರು, ಓಣಿಯವರು ಕೈಹಚ್ಚಿದರು. ಹಳೇ ಗೋಡೆಯ ಮಣ್ಣು ಹೊಲಕ್ಕೆ ಒಳ್ಳೇ ಗೊಬ್ಬರವೆಂದು ಯಾರೋ ಟ್ರ್ಯಾಕ್ಟರ್ ತಂದರು, ಪಾಯದ ಕಲ್ಲನ್ನು ಇನ್ಯಾರೋ ಎತ್ತಿಕೊಂಡು ಹೋದರು. ಅಮಾವಾಸ್ಯೆಯ ದಿನ ಸಾವಂತ್ರೆವ್ವ ಇಡೀ ಜಾಗವನ್ನು ಗುಡಿಸಿ, ಸಗಣಿ ಹಾಕಿ ಸಾರಿಸಿ, ನಡುಮಧ್ಯೆ ಎಡೆ ಇಟ್ಟಳು. ಹಿರಿಯರು ಉಂಡರೋ ಬಿಟ್ಟರೋ, ಕಾಗೆ ಮಾತ್ರ ಬೇಗ ಬಂದಿತ್ತು.

ಅದಾದ ಎಂಟನೇ ದಿನ, ಸರಕಾರದ ಪರಿಹಾರಕ್ಕೆಂದು ಬಿದ್ದ ಮನೆಗಳನ್ನು ಬರೆದುಕೊಳ್ಳುವವರು ಬಂದರು. "ಮನಿ ಎಲ್ಲೈತಿ? ಇದು ಕಣ ಇದ್ದಂಗ ಐತಲ್ಲ" ಎಂದರು. ಪಂಚಾಯತಿಯ ಪುಸ್ತಕದಲ್ಲಿ ಮನೆ ನಂಬರ್ ಇತ್ತು, ನಿಜ. ಆದರೆ ಅದು ಈ ಮಳೆಗೇ ಬಿತ್ತೆನ್ನಲು ಏನು ಗುರುತು? ಬಿದ್ದು ಹತ್ತು ವರ್ಷವಾಗಿರಬಹುದು. ಮಂದಿಯ ಸಾಕ್ಷಿಯನ್ನು ಅವರು ಕಿವಿಗೆ ಹಾಕಿಕೊಳ್ಳಲಿಲ್ಲ. ಒಬ್ಬರಿಗೊಬ್ಬರು ಎಲ್ಲ ಊರಲ್ಲೂ ಸಾಕ್ಷಿ ಹೇಳುತ್ತಾರಂತೆ. ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದರು ಹಿರಿಯರು. ಬಿದ್ದ ಮನೆಯನ್ನು ಬಿದ್ದಿದೆ ಎಂದು ಬರೆಸಿ ನೋಡು ಎನ್ನುವುದನ್ನು ಮರೆತರು. ನನಗಂತೂ ಇದನ್ನು ಹೇಳುವಾಗಲೆಲ್ಲ ಸಿಟ್ಟು ಬರುತ್ತದೆ, ಯಾರ ಮೇಲೆ ಎಂದು ಮಾತ್ರ ತಿಳಿಯುವುದಿಲ್ಲ. ಮರ್ಯಾದೆಯಿಂದ ಮನೆ ಗುಡಿಸಿದ್ದೇ ತಪ್ಪಾಯಿತು.

ಮಗಳು ಸವಿತಾ ಕಲಘಟಗಿ ಕಡೆಗೆ ಕೊಟ್ಟವಳು. ಬಾ ಎಂದಳು. ಬೀಗರ ಮನೆಯಲ್ಲಿ ನಾಲ್ಕು ದಿನ ಇರಬಹುದು, ಐದನೆಯ ದಿನ ಮುಖ ನೋಡಬೇಕಾಗುತ್ತದೆ. ಇಬ್ಬರೂ ಮಿಲ್ಲಿನ ಮನಿಗೆ ಬಂದರು.

ಮಲ್ಲಿಕಾ ಎರಡು ವರ್ಷ ಅರ್ಜಿ ಬರೆದಳು. ಕೊನೆಗೆ ಮತ್ತೊಮ್ಮೆ ಜಾಗ ನೋಡಲು ಒಬ್ಬ ಇಂಜಿನಿಯರ್ ಬರುತ್ತಾನೆಂದು ಪತ್ರ ಬಂತು. ಅದೇ ವಾರ ಮಾಸ್ತರು ಆರನೇ ಖೋಲಿಗೆ ಬಂದರು. ಹೊರಗೆ ಕಟ್ಟೆಯ ಮೇಲೆ ಹಸನಬಿ ಮೂರು ಮಕ್ಕಳ ಜೊತೆ ಹದಿನೈದು ದಿನದಿಂದ ಮಲಗುತ್ತಿದ್ದಳು, ಅವಳ ಗೋಡೆ ಈ ಸಲದ ಮಳೆಗೆ ಹೋಗಿತ್ತು.

"ಸಾವಂತ್ರೆವ್ವಾ, ಇದು ಕಡೀದ್ದು ನೋಡವಾ. ಆ ಮನ್ಯಾಗ ನೀವು ಇರಲಿಲ್ಲ ಅಂತ ಅಂವಾ ಬರದ್ರ ಫೈಲು ಮುಚ್ಚತಾರ. ಇಲ್ಲಿ ಖೋಲಿ ಅಂದ್ರ ಸರಕಾರದ ಮನಿ ಬರೂತನಕಾ ಅಷ್ಟ, ಬರೂದಿಲ್ಲ ಅಂದಮ್ಯಾಲ ಬ್ಯಾರೇದಾರಿಗೆ ಬಿಡಬೇಕು. ನಾವ ಮಾಡಿದ ನಿಯಮ, ನಾವ ಮುರಿಯಾಕ ಬರೂದಿಲ್ಲ."

"ಹೌದ್ರಿ" ಎಂದಳು.

"ಎಲ್ಲಿಗೆ ಹೋಗ್ತೀರಿ?" ಎಂದರು ಮಾಸ್ತರು, ನೆಲ ನೋಡುತ್ತ.

"ಹೌದ್ರಿ" ಎಂದಳು ಮತ್ತೆ. ಪ್ರಶ್ನೆ ಅವಳಿಗೆ ಕೇಳಿಸಿರಲೇ ಇಲ್ಲ.

ಇಂಜಿನಿಯರ್ ಎತ್ತರದ ಆಸಾಮಿ, ಎಳೇ ವಯಸ್ಸು, ಊಟದ ಹೊತ್ತು ಮೀರಿದ ಮುಖ. ಊರಲ್ಲಿ ಅವರ ಮನೆ ಇದ್ದ ಜಾಗದಲ್ಲಿ ಮೊಣಕಾಲೆತ್ತರ ಕಸ ಬೆಳೆದಿತ್ತು. ಮಲ್ಲಿಕಾ ಹಿಡಿದಿದ್ದ ಕಾಗದಗಳನ್ನು ಅವನು ತಿರುವಿ ಹಾಕಿದ.

"ಇವೆಲ್ಲಾ ನೋಡೀನ್ರಿ. ಮನಿ ಇತ್ತು ಅನ್ನೂದ್ರಾಗ ತಕರಾರಿಲ್ಲ. ಆ ಮಳಿ ತನಕಾ ಇವರು ಇದರಾಗ ಇದ್ರೋ ಇಲ್ಲೋ, ಅದಕ್ಕ ಏನ್ ಆಧಾರ?" ಎಂದು ಸಾವಂತ್ರೆವ್ವನ ಕಡೆ ತಿರುಗಿದ. "ಯವ್ವಾ, ಒಳಗ ಎಲ್ಲೆಲ್ಲಿ ಏನೇನಿತ್ತು, ತೋರಸ್ರಿ."

"ಹೌದ್ರಿ" ಎಂದು ಅವಳು ರಸ್ತೆಯಿಂದ ಇಳಿದಳು. ಕಸದೊಳಗೆ ಏಳೆಂಟು ಹೆಜ್ಜೆ ನೆಟ್ಟಗೆ ನಡೆದಳು. ಆಮೇಲೆ ಸೆರಗನ್ನು ತಲೆಗೆ ಒತ್ತಿ ಹಿಡಿದು, ಕುತ್ತಿಗೆ ತಗ್ಗಿಸಿ, ಸೊಂಟ ಬಗ್ಗಿಸಿ, ಬಲಗಾಲನ್ನು ಎತ್ತರಕ್ಕೆ ಎತ್ತಿಟ್ಟು ದಾಟಿ, ಆಚೆ ನೆಟ್ಟಗೆ ನಿಂತಳು. ಹಿಂದೆಯೇ ಹೋದ ಭರಮಪ್ಪನೂ ಅಲ್ಲಿಗೆ ಬಂದವನೇ ಬಗ್ಗಿದ, ಕಾಲೆತ್ತಿ ದಾಟಿದ. ಅವರ ತಲೆಯ ಮೇಲೆ ಬಿಸಿಲು ಬಿಟ್ಟರೆ ಬೇರೇನೂ ಇರಲಿಲ್ಲ.

"ಯಾಕ ಬಗ್ಗಿದ್ರಿ?" ಎಂದ ಇಂಜಿನಿಯರ್.

ಸಾವಂತ್ರೆವ್ವ ತಿರುಗಿ ನೋಡಿದಳು. ಇದೆಂಥ ಪ್ರಶ್ನೆ ಎಂಬಂತೆ, "ಬಾಗಲಾ ಗಿಡ್ಡ ಐತಲ್ರಿ. ನೀವೂ ಬಗ್ಗಿ ಬರ್ರೀ ಸಾಹೇಬ್ರ, ಹಣಿ ಬಡದೀತು" ಎಂದಳು.

ಅಂದವಳು ತನ್ನ ಮಾತು ತನಗೇ ಕೇಳಿಸಿ ಸುತ್ತ ನೋಡಿದಳು. ಕಸ, ಕಸದ ಆಚೆ ಪಕ್ಕದ ಮನೆಯ ಗೋಡೆ. ಮನೆಗೆ ಬಂದವರನ್ನು ಕೂರಿಸಲು ಏನಾದರೂ ಹಾಸಬೇಕಿತ್ತು, ಹಾಸುವುದಕ್ಕೆ ಕೆಳಗೆ ನೆಲವೇ ಕಾಣುತ್ತಿರಲಿಲ್ಲ. ಅವಳು ಅಲ್ಲೇ ಕುಸಿದು ಕೂತಳು. ಹೊಟ್ಟೆಯ ಬುಡದಿಂದ ಬಂದ ಅಳುವಿಗೆ ಓಣಿಯ ಬಾಗಿಲುಗಳಲ್ಲಿ ಹೆಂಗಸರು ಬಂದು ನಿಂತರು. ಮಲ್ಲಿಕಾ ಓಡಲು ಹೋದಳು, ಭರಮಪ್ಪ ಕೈ ಅಡ್ಡ ಹಿಡಿದ.

"ಬಿಡವಾ, ಅಳ್ಳಿ. ಮನಿ ಬಿದ್ದ ದಿನಾನೂ ಅತ್ತಿಲ್ಲ ಆಕಿ."

ಇಂಜಿನಿಯರ್ ರಸ್ತೆಯ ಮೇಲೆ ನಿಂತು, ಪೆನ್ನಿನ ತುದಿಯನ್ನು ಫಾರಮ್ಮಿನ ಒಂದೊಂದೇ ಸಾಲಿನ ಮೇಲೆ ಇಟ್ಟು ನೋಡಿದ. "ಇದನ್ನ ಯಾವ ಕಾಲಮ್ಮಿನ್ಯಾಗ ಬರೀಲ್ರಿ?" ಎಂದು ಮಲ್ಲಿಕಾಳನ್ನು ಕೇಳಿದ. ಅವನು ಚಪ್ಪಲಿಯನ್ನು ರಸ್ತೆಯಂಚಿನಲ್ಲಿ ಬಿಟ್ಟ, ಅವರು ಬಗ್ಗಿದ ಜಾಗಕ್ಕೆ ಬಂದು ತನ್ನ ಎತ್ತರದ ಮೈಯನ್ನು ಇಷ್ಟು ಮಾಡಿಕೊಂಡು ಬಗ್ಗಿದ, ಕಾಲೆತ್ತಿ ಒಳಗೆ ಬಂದ. ಬಂದು, ಸಾವಂತ್ರೆವ್ವನ ಎದುರಿಗೆ ಕಸದಲ್ಲೇ ಕೂತು, ತೊಡೆಯ ಮೇಲೆ ಫಾರಮ್ಮು ಇಟ್ಟುಕೊಂಡು ಬರೆಯತೊಡಗಿದ.