ಗೋಡೌನಿನಲ್ಲಿ ಮಲಗಿದ ಕಾರು

ಎಂಜಿನ್ ತಣ್ಣಗಿರುವಾಗಲೇ ವಾಲ್ವ್ ಅಡ್ಜಸ್ಟ್ ಮಾಡಬೇಕು. ಇದು ಪಪ್ಪ ನನಗೆ ಕಲಿಸಿದ ಮೊದಲ ನಿಯಮ. ಊರಿನಲ್ಲಿ ನಮ್ಮ ಮನೆಗೆ ತಾಗಿಯೇ ಅವರ ಗ್ಯಾರೇಜ್ ಇತ್ತು. ನನ್ನ ಮದುವೆಯಲ್ಲಿ ಅವರು ಚಿನ್ನದ ಡಬ್ಬಿಯ ಜೊತೆ ಒಂದು ಫೀಲರ್ ಗೇಜನ್ನೂ ಇಟ್ಟುಕೊಟ್ಟರು. ಸಂದುಗಳನ್ನು ಅಳೆಯುವ, ಬೇರೆ ಬೇರೆ ದಪ್ಪದ ತೆಳುವಾದ ಉಕ್ಕಿನ ಪಟ್ಟಿಗಳ ಗೊಂಚಲು ಅದು. ನನ್ನ ಅತ್ತೆ ಅದನ್ನು ಉಗುರು ತೀಡುವ ಸಾಮಾನು ಎಂದುಕೊಂಡು, ಇಂಥ ಶೋಕಿಯ ಸೊಸೆ ಬಂದಳಲ್ಲ ಎಂದು ಬಹಳ ದಿನ ಮುಖ ಗಂಟಿಕ್ಕಿಕೊಂಡಿದ್ದರು.

ಆದರೆ ಆಗಸ್ಟ್ ತಿಂಗಳ ಕುವೈತಿನಲ್ಲಿ ತಣ್ಣಗಿನ ಎಂಜಿನನ್ನು ಎಲ್ಲಿಂದ ತರುವುದು? ಫಿಂಟಾಸಿನ ನಮ್ಮ ಕಟ್ಟಡದಲ್ಲಿ ನೆರಳಿನ ಪಾರ್ಕಿಂಗ್ ಇಲ್ಲ. ಬೆಳಗಿನ ಜಾವ ಬಾನೆಟ್ ಎತ್ತಿ ಮುಟ್ಟಿದರೂ ಕಬ್ಬಿಣ ಜ್ವರ ಬಂದವರ ಹಣೆಯ ಹಾಗಿತ್ತು.

ನನಗೋ ಅವಸರ. ನಾನು ನರ್ಸ್. ಭಾನುವಾರದಿಂದ ವಫ್ರಾದ ಕ್ಲಿನಿಕ್ಕಿನಲ್ಲಿ ಹೊಸ ಡ್ಯೂಟಿ. ದೂರದ ಮರಳುಗಾಡಿನ ಆ ತೋಟಗಳ ಕಡೆಗೆ ಬಸ್ಸು ನಂಬಿ ಹೋಗುವಂತಿಲ್ಲ. ನಮ್ಮ ಹಳೆಯ ಕಾರು ಬಿಸಿಯಾದರೆ ಸಾಕು, ಸಿಗ್ನಲಿನಲ್ಲಿ ನಡುಗಿ ನಿಂತುಬಿಡುತ್ತಿತ್ತು. ಇಲ್ಲಿನ ಗ್ಯಾರೇಜಿನವನು ಒಮ್ಮೆ ಬಗ್ಗಿ ನೋಡಿ, "ಖಲಾಸ್, ಬೇರೆ ಎಂಜಿನ್ ಹಾಕಿಸಿ" ಎಂದುಬಿಟ್ಟ. ನನಗೆ ಮೈಯೆಲ್ಲ ಉರಿಯಿತು. ಕಿವಿಯಿಟ್ಟು ಕೇಳಿದರೆ ವಾಲ್ವ್‌ಗಳ ಸದ್ದೇ ಇರಲಿಲ್ಲ. ಟಿಕ್ ಟಿಕ್ ಎನ್ನುವ ವಾಲ್ವಿಗೆ ಹೆದರಬೇಡ, ಸುಮ್ಮನಿರುವುದನ್ನು ನೋಡು ಎನ್ನುತ್ತಿದ್ದರು ಪಪ್ಪ. ಅದರ ಮೇಲಿನ ಸಂದು ಮುಚ್ಚಿಹೋಗಿ, ಒಳಗೊಳಗೇ ಸುಡುತ್ತಿರುತ್ತದಂತೆ. ಆ ಸಂದು ಸರಿಮಾಡಿದರೆ ಕಾರು ಬದುಕುತ್ತದೆ ಎಂದು ನನ್ನ ಮನಸ್ಸು ಹೇಳುತ್ತಿತ್ತು. ಆಗದಿದ್ದರೆ ನಡುಮಧ್ಯಾಹ್ನ ಮರಳಿನ ನಡುವೆ ಒಬ್ಬಳೇ ನಿಲ್ಲಬೇಕಾದೀತು ಎಂಬ ಭಯವೂ ಇತ್ತು.

ಗುರುವಾರ ಸಂಜೆ ಬಾನೆಟ್ ಎತ್ತಿಕೊಂಡು ಬೈಯುತ್ತಾ ನಿಂತಿದ್ದೆ. ಕಟ್ಟಡದ ಕೆಳಗೆ ತರಕಾರಿ ಅಂಗಡಿ ಇಟ್ಟಿರುವ ನಮ್ಮೂರ ಕಡೆಯ ಬ್ಯಾರಿ ಕಾಕ ಹೊರಗೆ ಬಂದರು.

"ಎಂತ ಸಿಸ್ಟರ್, ಯಾರಿಗೆ ಬೈಗುಳ?"

"ಈ ಎಂಜಿನಿಗೆ ಕಾಕ. ತಣ್ಣಗಾಗದೆ ಕೈ ಹಾಕ್ಲಿಕ್ಕೆ ಆಗುದಿಲ್ಲ. ಇದು ತಣ್ಣಗಾಗುವಾಗ ನವೆಂಬರ್ ಬರ್ತದೆ."

ಕಾಕ ಗಡ್ಡ ಕೆರೆದುಕೊಂಡರು. "ನನ್ನ ಗೋಡೌನಲ್ಲಿ ಇಡೀ ದಿನ ಎಸಿ ಉಂಟಲ್ಲ. ಪಿಕಪ್ ಒಳಗೆ ಹೋಗ್ತದೆ, ನಿಮ್ಮ ಕಾರು ಹೋಗುದಿಲ್ವಾ?"

"ಮತ್ತೆ ತರಕಾರಿ?"

"ಅದರ ಚಿಂತೆ ನಿಮಗೆ ಯಾಕೆ ಮಾರಾಯ್ರೆ? ಯಲ್ಲಾ, ಬೇಗ ಗಾಡಿ ತನ್ನಿ."

ಕ್ರೇಟುಗಳು ಒಂದೊಂದಾಗಿ ಹಿಂದಿನ ಅಂಗಳಕ್ಕೆ ಹೋದವು. ಅವುಗಳ ಮೇಲೆ ಒಂದು ಟಾರ್ಪಾಲು ಬಿತ್ತು. ನಮ್ಮ ಕಾರು ಕೊತ್ತಂಬರಿ ವಾಸನೆಯ ತಂಪಿನಲ್ಲಿ ರಾತ್ರಿಯಿಡೀ ಮಲಗಿತು. "ನಮಗಿಂತ ಅದಕ್ಕೇ ಒಳ್ಳೆ ರೂಮು ಸಿಕ್ಕಿತು" ಎಂದರು ನನ್ನ ಗಂಡ.

ಶುಕ್ರವಾರ ಬೆಳಿಗ್ಗೆ ಎಂಜಿನನ್ನು ಮುಟ್ಟಿದಾಗ ನೀರಿನ ಮಡಕೆಯನ್ನು ಮುಟ್ಟಿದಷ್ಟು ಹಿತವಾಯಿತು. ಗಂಡ ಟಾರ್ಚ್ ಹಿಡಿದರು. ಮೇಲಿನ ಮುಚ್ಚಳ ತೆಗೆದು, ವಾಲ್ವಿನ ಮೇಲಿನ ಸಂದಿಗೆ ಪಟ್ಟಿ ತೂರಿಸಿದರೆ ತುದಿಯೂ ಹೋಗಲಿಲ್ಲ. ಅಂದರೆ ನನ್ನ ಊಹೆ ಸರಿ! ನಟ್ಟು ಸಡಿಲಿಸಿ, ಸ್ಕ್ರೂ ತುಸು ತಿರುಗಿಸಿ, ಮತ್ತೆ ಪಟ್ಟಿ ತೂರಿಸಿದೆ. ಪಟ್ಟಿ ಹಿಡಿದೂ ಹಿಡಿಯದ ಹಾಗೆ ಜಾರಬೇಕು. ನಟ್ಟು ಬಿಗಿ ಮಾಡುವಾಗ ಸ್ಕ್ರೂ ತಾನೂ ತಿರುಗಿ ಕೆಲಸ ಕೆಡಿಸುತ್ತದೆ. ಹಾಗಾಗಿ ಮತ್ತೆ ಅಳೆಯಬೇಕು. ಬೆರಳುಗಳಿಗೆ ಎಲ್ಲವೂ ನೆನಪಿತ್ತು. ಪಪ್ಪ ಪಕ್ಕದಲ್ಲೇ ನಿಂತಿದ್ದಾರೆ ಅನ್ನಿಸಿ ಇನ್ನೊಮ್ಮೆ ಅಳೆದೆ.

ಭಾನುವಾರ ವಫ್ರಾಕ್ಕೆ ಹೋಗಿ ಬಂದೆ. ಕಾರು ಎಲ್ಲಿಯೂ ನಿಲ್ಲಲಿಲ್ಲ. ಸಿಗ್ನಲಿನಲ್ಲಿ ಸಣ್ಣಗೆ ಟಿಕ್ ಟಿಕ್ ಎನ್ನುತ್ತಿತ್ತು. ಕಿಟಕಿ ಇಳಿಸಿ, ಸೆಖೆಯನ್ನೂ ಲೆಕ್ಕಿಸದೆ ಆ ಸದ್ದು ಕೇಳಿದೆ.

ಸಂಜೆ ಮನೆಗೆ ಬಂದರೆ ಬಾಗಿಲಲ್ಲಿ ಒಂದು ಚೀಲ ಟೊಮೆಟೊ ತೂಗುತ್ತಿತ್ತು. ಎದುರು ಮನೆಗೂ, ಪಕ್ಕದ ಮನೆಗೂ ಅಂಥದ್ದೇ ಚೀಲ. "ಕಾಕ ಇಡೀ ಬಿಲ್ಡಿಂಗಿಗೆ ಹಂಚಿದ್ದಾರೆ. ಸ್ಟಾಕ್ ಜಾಸ್ತಿ ಬಂತಂತೆ" ಎಂದರು ಗಂಡ. ಒಂದು ಹಣ್ಣು ಕೈಗೆತ್ತಿಕೊಂಡೆ. ಒಂದು ಮಗ್ಗುಲು ಬೆಂದ ಹಾಗೆ ಮೆತ್ತಗಾಗಿತ್ತು. ಟಾರ್ಪಾಲಿನ ಕೆಳಗಿದ್ದ ಕ್ರೇಟುಗಳು ಆಗ ನೆನಪಾದವು.

ಯೂನಿಫಾರ್ಮ್ ಕೂಡ ಬದಲಿಸದೆ ಕೆಳಗಿಳಿದು ಜಗಳಕ್ಕೇ ನಿಂತೆ. "ಕಾಕ, ಟೊಮೆಟೊ ಹಾಳಾದದ್ದು ನನ್ನ ಕಾರಿನಿಂದ ಅಲ್ವಾ? ಒಂದು ಮಾತು ಹೇಳ್ಬಾರ್ದಿತ್ತಾ?"

ಕಾಕ ತಕ್ಕಡಿ ಒರೆಸುತ್ತಲೇ ಇದ್ದರು. "ಹೇಳಿದ್ರೆ ನೀವು ಗಾಡಿ ತರ್ತಿದ್ರಾ ಸಿಸ್ಟರ್?"

ತರುತ್ತಿರಲಿಲ್ಲ. ಅದು ಅವರಿಗೂ ಗೊತ್ತಿತ್ತು. ಅವರ ಕೈಯಿಂದ ಬಟ್ಟೆ ತೆಗೆದುಕೊಂಡು ತಕ್ಕಡಿಯನ್ನು ನಾನೇ ಒರೆಸತೊಡಗಿದೆ.

"ಹೋಗಿ, ಹೋಗಿ, ಇವತ್ತೇ ಸಾರು ಮಾಡಿ" ಎಂದು ಕಾಕ ನನ್ನನ್ನು ಓಡಿಸಿದರು. "ನಾಳೆಗೆ ಉಳಿಯುದಿಲ್ಲ ಅದು."